ಭಾವನ ಬಲಗಾಲು

ಒಮ್ಮೆ ನಾನು ಸೀನಿದ ಹೊಡೆತಕ್ಕೆ ನನ್ನ ಗ್ಯಾರೇಜಿನ ಅಂಗಳದಲ್ಲಿ ಕೆಟ್ಟು ನಿಂತಿದ್ದ ಹದಿನೇಳು ಕಾರುಗಳು ಒಟ್ಟಿಗೇ ಸ್ಟಾರ್ಟ್ ಆದವು. ಹದಿನೆಂಟನೆಯದಕ್ಕೆ ಎಂಜಿನ್ನೇ ಇರಲಿಲ್ಲ. ಪಾಪ, ಅದು ತನ್ನ ಕೈಲಾದಷ್ಟು ಹಾರ್ನ್ ಹೊಡೆದು ಮರ್ಯಾದೆ ತೋರಿಸಿತು. ನಂಬುವುದಿಲ್ಲವೇ? ಬಿಡಿ. ನಂಬದವರಿಗೆ ಹೇಳುವುದರಲ್ಲೇ ನನಗೆ ರುಚಿ ಹೆಚ್ಚು.

ಬೀದಿಯಲ್ಲಿ ನನಗೆ ಕಿವಿ ಡಾಕ್ಟರ್ ಎಂದು ಹೆಸರು. ಮೀಟರು, ಸ್ಕ್ಯಾನರು ಹಿಡಿದುಕೊಂಡು ಓಡಾಡುವುದು ಕಿವುಡರ ಕೆಲಸ. ನಾನು ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿನ ಮೈಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಅದು ಹುಟ್ಟಿದಾಗಿನಿಂದ ಪಟ್ಟ ಕಷ್ಟವನ್ನೆಲ್ಲ ತೋಡಿಕೊಳ್ಳುತ್ತದೆ. ಒಂದು ಹಳೆಯ ಕಾರು ತನ್ನ ಯಜಮಾನ ಹೆಂಡತಿಗೆ ಗೊತ್ತಿಲ್ಲದೆ ಎಲ್ಲಿಗೆ ಹೋಗಿಬರುತ್ತಾನೆ ಎಂಬುದನ್ನೂ ಬಾಯಿಬಿಟ್ಟಿತ್ತು. ಆ ಗುಟ್ಟನ್ನು ನಾನು ಯಾರಿಗೂ ಹೇಳಿಲ್ಲ, ಒಂದು ಹತ್ತು ಹನ್ನೆರಡು ಜನರನ್ನು ಬಿಟ್ಟು.

ನನ್ನ ಅಕ್ಕನಿಗೆ ಇದಕ್ಕೆ ಒಂದು ಲೆಕ್ಕ ಇತ್ತು. "ನೀನು ಏನೇ ಹೇಳು, ನಾನು ಹತ್ತರಿಂದ ಭಾಗಿಸಿಯೇ ಕೇಳೋದು" ಎನ್ನುತ್ತಿದ್ದಳು. ಹದಿನೇಳು ಕಾರಿನ ಕಥೆಯನ್ನು ಕೇಳಿದಾಗ ಬೆರಳು ಮಡಚಿ, "ಒಂದು ಮುಕ್ಕಾಲು ಕಾರು. ಅದೂ ನೂಕಿ ಸ್ಟಾರ್ಟ್ ಮಾಡಿರ್ತೀಯ" ಎಂದಿದ್ದಳು. ಇತ್ತೀಚೆಗೆ ಭಾಗಿಸುವವರು ಯಾರೂ ಇಲ್ಲದ್ದರಿಂದ ನನ್ನ ಸುಳ್ಳುಗಳೆಲ್ಲ ಹೇಳಿದಷ್ಟೇ ಗಾತ್ರದಲ್ಲಿ ಉಳಿದುಬಿಡುತ್ತಿವೆ.

ಆದರೆ ಈ ಕಥೆ ನನ್ನ ಕಿವಿಯದಲ್ಲ. ಭಾವನ ಬಲಗಾಲಿನದು. ಅಕ್ಕ ಸತ್ತ ದಿನ ಆ ಕಾಲು ಆಕ್ಸಿಲರೇಟರಿನ ಮೇಲೆ ಇತ್ತೋ ಇಲ್ಲವೋ ಎನ್ನುವುದರದು. ಭಾವ ಇನ್ನು ಬದುಕುವುದೋ ಬೇಡವೋ ಎನ್ನುವುದು ಅದರ ಮೇಲೆ ನಿಂತಿದೆ.

ಭಾವ ಬಡಗಿ. ನಲವತ್ತು ವರ್ಷದಿಂದ ಬಲಗಿವಿಯ ಮೇಲೆ ಚಪ್ಪಟೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಓಡಾಡಿದವರು. ಸ್ನಾನಕ್ಕೆ ಹೋದಾಗಲೂ ಅದು ಅಲ್ಲೇ ಇರುತ್ತದೆ ಎಂದು ನಾನು ಊರಿಗೆಲ್ಲ ಸಾರಿದ್ದೆ. ನಾನು ಎಷ್ಟು ಉಬ್ಬಿಸುತ್ತೇನೋ ಅವರು ಅಷ್ಟೇ ಬಿಗಿ. 'ಸುಮಾರು' ಎನ್ನುವ ಮಾತು ಅವರ ಮುಂದೆ ಬೈಗುಳಕ್ಕೆ ಸಮ. ಟೀ ಎಷ್ಟು ಹಾಕಲಿ ಎಂದು ಅಕ್ಕ ಕೇಳಿದರೆ ಲೋಟದ ಮೇಲೆ ಉಗುರಿನಿಂದ ಗೆರೆ ತೋರಿಸುವ ಮನುಷ್ಯ. ಇಬ್ಬರ ನಡುವೆ ಅಕ್ಕ ಹೇಗೆ ಬೆಳೆದಳೋ, ಬಾಳಿದಳೋ, ಅವಳಿಗೇ ಗೊತ್ತು.

ಅವಳ ಎರಡೂ ಕಿಡ್ನಿಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಒಂದು ಗಂಟೆಯ ದಾರಿ, ಹೆದ್ದಾರಿಯ ಆಚೆ. ಭಾವ ತಮ್ಮ ಹಳೆಯ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಸೀಟಿನ ಮೇಲೆ ಸದಾ ಮರದ ಹುಡಿ. ಅಕ್ಕ ಅದನ್ನು ಕೊಡವಿಕೊಂಡು ಕೂರುತ್ತ, "ನನ್ನ ರಕ್ತ ತೊಳೀತಾರೆ, ಈ ಸೀಟು ತೊಳೆಯೋ ಆಸ್ಪತ್ರೆ ಯಾವುದಾದರೂ ಇದ್ಯಾ?" ಎನ್ನುತ್ತಿದ್ದಳು.

ಒಂದು ದಿನ ಕಾರು ಬಿಕ್ಕಳಿಸತೊಡಗಿತು. ಸಮವಾಗಿ ಓಡುತ್ತಿದ್ದದ್ದು ತಟಕ್ಕನೆ ಮುಗ್ಗರಿಸುವುದು, ಮತ್ತೆ ಎದ್ದು ಓಡುವುದು. ಮುಂದಿನ ಫಲಕದಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಂಡಿತು. ಆ ಹೊತ್ತಿಗೆ ನಾನು ಊಟಕ್ಕೆ ಹೋಗಿದ್ದೆ. ಭಾವ ಕಾಯದೆ ಎದುರು ಸಾಲಿನ ಹೊಸ ಗ್ಯಾರೇಜಿನವನಿಗೆ ತೋರಿಸಿಬಿಟ್ಟರು. ನಾನು ಬೆರಳು ನೆಕ್ಕಿಕೊಂಡು ವಾಪಸ್ ಬಂದಾಗ ಭಾವ, ಅಕ್ಕ ಇಬ್ಬರೂ ನನ್ನ ಬಾಗಿಲಲ್ಲಿ ನಿಂತಿದ್ದರು.

"ಏನಪ್ಪಾ ಡಾಕ್ಟ್ರೇ," ಎಂದರು ಭಾವ, "ಅವನು ಸ್ಕ್ಯಾನರ್ ಚುಚ್ಚಿ ನೋಡಿದ. ಥ್ರಾಟಲ್ ಸೆನ್ಸರ್ ಹೋಗಿದೆಯಂತೆ. ಹೊಸದು ಬರೋಕೆ ಎಂಟು ದಿನ. ಅಲ್ಲೀವರೆಗೆ ಗಾಡಿ ಓಡಿಸಲೇಬೇಡಿ ಅಂದ."

"ಅವನಿಗೇನು ಗೊತ್ತು? ಅವನ ಕಿವಿಯಲ್ಲಿ ಗುಗ್ಗೆ ಬಿಟ್ಟರೆ ಇನ್ನೇನೂ ಇಲ್ಲ."

"ಗುಗ್ಗೆ ಇರಲಿ. ಏನದು ಸೆನ್ಸರ್ರು? ಅದನ್ನ ಹೇಳು. ಅರ್ಥ ಆಗದ್ದಕ್ಕೆ ನಾನು ತಲೆ ಆಡಿಸೋದಿಲ್ಲ."

ಹೇಳಿದೆ. ಬಡಗಿಗೆ ಹೇಳುವುದು ಸುಲಭ, ಎಲ್ಲವೂ ಬಾಗಿಲು ಕೀಲುಗಳ ಮಾತೇ. ಎಂಜಿನ್ನಿಗೆ ಒಂದು ಗಂಟಲಿದೆ, ಗಾಳಿ ಅದರಲ್ಲಿ ಒಳಗೆ ಹೋಗುತ್ತದೆ. ಆ ಗಂಟಲಿನಲ್ಲಿ ದೊಡ್ಡ ನಾಣ್ಯದ ಹಾಗೆ ದುಂಡನೆಯ ಒಂದು ಬಾಗಿಲು. ಅದೇ ಥ್ರಾಟಲ್. ನೀವು ಪೆಡಲ್ ಒತ್ತಿದರೆ ತಂತಿ ಎಳೆದು ಅದು ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಆ ಬಾಗಿಲಿನ ಕೀಲುಕಡ್ಡಿಯ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಒಳಗೆ ಅರ್ಧಚಂದ್ರದ ಹಾಗೆ ಬಾಗಿದ ಒಂದು ಕಾರ್ಬನ್ ಪಟ್ಟಿ. ಅದರ ಮೇಲೆ ಕೀಲಿನ ಜೊತೆ ತಿರುಗುವ ತೆಳ್ಳನೆಯ ಲೋಹದ ಬೆರಳು. ಡಬ್ಬಿಗೆ ಮೂರು ವೈರು. ಪಟ್ಟಿಯ ಒಂದು ತುದಿಗೆ ಐದು ವೋಲ್ಟ್ ತರುವುದು ಒಂದು, ಇನ್ನೊಂದು ತುದಿಯಿಂದ ಅದನ್ನು ಇಳಿಸಿಕೊಂಡು ಹೋಗುವುದು ಇನ್ನೊಂದು. ಮಧ್ಯದ್ದು ಬೆರಳಿನದು. ಬೆರಳು ಪಟ್ಟಿಯ ಮೇಲೆ ಎಲ್ಲಿ ನಿಂತಿದೆಯೋ ಅಲ್ಲಿ ಸಿಕ್ಕಷ್ಟು ವೋಲ್ಟನ್ನು ಅದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಬಾಗಿಲು ಮುಚ್ಚಿದ್ದರೆ ಅರ್ಧ ವೋಲ್ಟ್. ಪೂರ್ತಿ ತೆರೆದಿದ್ದರೆ ನಾಲ್ಕೂವರೆ.

"ಕಂಪ್ಯೂಟರು ಬಾಗಿಲನ್ನ ನೋಡೋದಿಲ್ವಾ?" ಎಂದರು ಭಾವ.

"ಅದು ಕುರುಡು. ಆ ಮಧ್ಯದ ವೈರು ಹೇಳಿದ್ದೇ ಅದಕ್ಕೆ ವೇದವಾಕ್ಯ. ಅಷ್ಟಕ್ಕೆ ತಕ್ಕ ಹಾಗೆ ಪೆಟ್ರೋಲ್ ಬಿಡುತ್ತೆ. ಮುಚ್ಚಿದೆ ಅಂದ್ರೆ, ಓಹೋ ಕಾಲು ತೆಗೆದರು ಅಂತ ಪೆಟ್ರೋಲ್ ನಿಲ್ಲಿಸುತ್ತೆ."

"ಹಾಗಾದ್ರೆ ಅದು ಅಳತೆಪಟ್ಟಿ. ಇಷ್ಟು ತೆರೆದಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳೋದು."

"ಅಷ್ಟೇ. ನೀವು ಒಳ್ಳೇ ಡ್ರೈವರ್ರು ನೋಡಿ, ಅದೇ ಎಡವಟ್ಟು. ಹತ್ತು ವರ್ಷದಿಂದ ಮೂರನೇ ಒಂದು ಪಾಲು ಒತ್ತಿ ಒಂದೇ ಹದದಲ್ಲಿ ಓಡಿಸಿದ್ದೀರಿ. ಬೆರಳು ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಕಾರ್ಬನ್ ಸವೆದುಹೋಗಿದೆ. ನನ್ನ ಹಾಗೆ ಕುಣಿಸಿಕೊಂಡು ಓಡಿಸಿದ್ದಿದ್ರೆ ಎಲ್ಲಾ ಕಡೆ ಸಮ ಸವೆಯೋದು."

ಅಕ್ಕ ನಕ್ಕಳು. "ನೆಟ್ಟಗಿದ್ದದ್ದೇ ತಪ್ಪು ಅನ್ನು. ಒಳ್ಳೇ ನ್ಯಾಯ."

"ಎಂಟು ದಿನ ಆಸ್ಪತ್ರೆ ಹತ್ತಿರವೇ ಒಂದು ರೂಮು ತಗೊಂಡು ಇರ್ತೀವಿ," ಎಂದರು ಭಾವ. "ಮಗಳೂ ಅದನ್ನೇ ಹೇಳಿದ್ಲು. ಹೊಸದು ಬರಲಿ."

ಅಲ್ಲಿಗೆ ಸುಮ್ಮನಿರಬಹುದಿತ್ತು. ರಸ್ತೆಯ ಆಚೆ ಆ ಸ್ಕ್ಯಾನರಿನವನು ಬಾಗಿಲಿಗೆ ಒರಗಿ ಇತ್ತಲೇ ನೋಡುತ್ತಿದ್ದ. ಅವನು ನಗುತ್ತಿದ್ದನೋ, ಬಿಸಿಲಿಗೆ ಮುಖ ಕಿವುಚಿದ್ದನೋ ಈಗಲೂ ಗೊತ್ತಿಲ್ಲ. ನನ್ನ ಸ್ವಂತ ಅಕ್ಕನ ಕಾರು ಅವನ ಕೈಗೆ ಹೋಗಬೇಕೇ?

"ಎಂಟು ದಿನವಾ! ಅರ್ಧ ಗಂಟೆ ಕೊಡಿ," ಎಂದೆ. "ಇದೇ ಸೆನ್ಸರನ್ನ ಹೊಸದನ್ನ ನಾಚಿಸೋ ಹಾಗೆ ಮಾಡಿಕೊಡ್ತೀನಿ. ಭಾವ, ನಿಮ್ಮ ಪೆನ್ಸಿಲ್ ಕೊಡಿ ಇಲ್ಲಿ, ನಂಬರ್ ಬರ್ಕೋಬೇಕು."

ಸೆನ್ಸರ್ ಬಿಚ್ಚಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ವಿದ್ಯೆಯನ್ನು ನಾನು ಹತ್ತು ಜನರ ಕಣ್ಣೆದುರು ಮಾಡುವುದಿಲ್ಲ. ಡಬ್ಬಿಯನ್ನು ತೊಳೆದೆ, ಒರೆಸಿದೆ, ಕಿವಿಗೆ ಹಿಡಿದು ಕೀಲನ್ನು ತಿರುಗಿಸಿದೆ. ಕಾರ್ಬನ್ ಪಟ್ಟಿಯ ಮೇಲೆ ಬೆರಳು ಓಡುವ ಸದ್ದು ರೇಷ್ಮೆಯ ಮೇಲೆ ರೇಷ್ಮೆ ಎಳೆದ ಹಾಗಿತ್ತು. ಅಷ್ಟು ಸಣ್ಣ ಸದ್ದನ್ನು ಕೇಳುವ ಕಿವಿ ಈ ಭೂಮಿಯ ಮೇಲೆ ಎರಡೇ. ಎರಡೂ ನನ್ನ ತಲೆಗೇ ಅಂಟಿಕೊಂಡಿವೆ.

ಮತ್ತೆ ಕೂರಿಸಿ ಕಾರು ಸ್ಟಾರ್ಟ್ ಮಾಡಿದಾಗ ಹಳದಿ ದೀಪ ಆರಿತ್ತು. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ನಾನು ರಸ್ತೆಯ ಆಚೆ ನೋಡಿ ಸ್ಕ್ಯಾನರಿನವನಿಗೆ ಒಂದು ಸಲಾಮು ಹೊಡೆದೆ.

ಅಕ್ಕ ಕಾರು ಹತ್ತುವ ಮೊದಲು ನನ್ನ ಹತ್ತಿರ ಬಂದಳು. ಅವಳ ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ್ದ ಜಾಗವನ್ನು ಸವರಿಕೊಳ್ಳುತ್ತಿದ್ದಳು.

"ಲೋ, ನಿನ್ನ ಮಾತು ನಂಗೆ ಗೊತ್ತು. 'ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು' ಅಂತ ನಿನ್ನಂಥೋರನ್ನ ನೋಡಿಯೇ ಹೇಳಿದ್ದು. ಆದರೆ ಇದು ನಿನ್ನ ಭಾವನ ವಿಷಯ. ದಾರೀಲಿ ಗಾಡಿ ನಿಂತ್ರೆ ಅವರು ಗಾಬರಿಯಾಗಿಬಿಡ್ತಾರೆ. ಈ ಸಲ ನಾನು ಭಾಗಿಸೋದಿಲ್ಲ. ಸರಿಯಾಗಿದ್ಯಾ?"

"ನೂರಕ್ಕೆ ನೂರು ಅಕ್ಕ."

"ನೂರೇನಾ?"

"ನೂರಾ ಹತ್ತು. ಹತ್ತು ನಿನಗೆ ಕೊಸರು."

ಅವಳು ನನ್ನ ತಲೆಗೆ ಒಂದು ಮೊಟಕಿ ಹತ್ತಿ ಕೂತಳು.

ನಾಲ್ಕು ಸಲ ಹೋಗಿಬಂದರು. ಐದನೆಯ ಸಲ, ಬೆಳಗಿನ ಹತ್ತು ಗಂಟೆಗೆ, ಸಣ್ಣ ರಸ್ತೆಯಿಂದ ಹೆದ್ದಾರಿಯನ್ನು ದಾಟುವಾಗ ಕಾರು ರಸ್ತೆಯ ನಟ್ಟನಡುವೆ ಸೊರಗಿ ನಿಧಾನವಾಯಿತು. ಲಾರಿ ಬರುತ್ತಿತ್ತು. ಅಕ್ಕ ಕೂತಿದ್ದ ಕಡೆಗೇ ಹೊಡೆಯಿತು. ಇಲ್ಲಿ ಉಬ್ಬಿಸುವುದಕ್ಕೆ ಏನೂ ಇಲ್ಲ.

ಭಾವನಿಗೆ ಹೆಗಲೆಲುಬು ಮುರಿದಿತ್ತು, ಅಷ್ಟೆ. ಆಸ್ಪತ್ರೆಯಲ್ಲಿ ಅವರು ಮೊದಲು ಆಡಿದ ಮಾತು, "ಒತ್ತಿದ್ದೆ. ನಾನು ಒತ್ತಿಕೊಂಡೇ ಇದ್ದೆ. ಎಂಜಿನ್ ಕೈಬಿಡ್ತು" ಎಂದು.

ಒಂದು ವಾರದ ಮೇಲೆ ವಿಮೆಯವನು ಬಂದ. ಡಿಕ್ಕಿಯಾಗುವ ಮುಂಚಿನ ಐದು ಸೆಕೆಂಡನ್ನು ನೆನಪಿಟ್ಟುಕೊಳ್ಳುವ ಒಂದು ಪೆಟ್ಟಿಗೆ ಕಾರಿನಲ್ಲೇ ಇರುತ್ತದೆ. ಅದರಲ್ಲಿದ್ದುದನ್ನು ಕಾಗದದ ಮೇಲೆ ಇಳಿಸಿಕೊಂಡು ಬಂದಿದ್ದ. ಥ್ರಾಟಲ್, ಸೆಕೆಂಡಿಗೆ ಒಂದು ಅಂಕಿಯಂತೆ, ನೂರಕ್ಕೆ: ಮೂವತ್ತಮೂರು, ಮೂವತ್ತನಾಲ್ಕು, ಸೊನ್ನೆ, ಸೊನ್ನೆ, ಸೊನ್ನೆ. ಬ್ರೇಕ್: ಒತ್ತಿಲ್ಲ.

"ಕಾಲು ತೆಗೆದಿದ್ದೀರಿ ಯಜಮಾನ್ರೇ," ಎಂದ ಅವನು, ಮೆತ್ತಗೆ, ಒಳ್ಳೆಯ ಮನುಷ್ಯ. "ಬ್ರೇಕೂ ಒತ್ತಿಲ್ಲ, ಆಕ್ಸಿಲರೇಟರೂ ಒತ್ತಿಲ್ಲ. ವಯಸ್ಸಾದವರಿಗೆ ಒಂದು ಕ್ಷಣ ಮಂಪರು ಬರುತ್ತೆ. ಗೊತ್ತೇ ಆಗೋದಿಲ್ಲ."

ಭಾವ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಅಳತೆಯನ್ನು ನಂಬಿ ನಲವತ್ತು ವರ್ಷ ಬದುಕಿದವರು, ಅಂಕಿಯನ್ನು ಹೇಗೆ ನಂಬದಿರುತ್ತಾರೆ? ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಹೇಳು. ಆ ಡಬ್ಬಿ ಕೆಟ್ಟಿರೋಕೆ ಸಾಧ್ಯವಾ?"

ಪಕ್ಕದಲ್ಲಿ ಅಕ್ಕನ ಮಗಳು ನಿಂತಿದ್ದಳು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು, ಅವಳೂ ಅಪ್ಪನ ಹಾಗೆ ಅಂಕಿಯ ಮನುಷ್ಯಳೇ. ಅವಳೂ ನನ್ನ ಬಾಯನ್ನೇ ನೋಡುತ್ತಿದ್ದಳು.

"ಸಾಧ್ಯವೇ ಇಲ್ಲ ಭಾವ," ಎಂದೆ. "ನಾನು ಕಿವಿಯಿಂದ ಕೇಳಿ ಕೂರಿಸಿದ್ದು. ಕೆಟ್ಟಿದ್ರೆ ದೀಪ ಹತ್ತಬೇಕಿತ್ತು. ಹತ್ತಿತ್ತಾ?"

"ಇಲ್ಲ," ಎಂದರು ಭಾವ. "ಹತ್ತಿರಲಿಲ್ಲ."

ಅಕ್ಕನ ಮಗಳು ಅಪ್ಪನನ್ನು ಕೇಳಿದ್ದು ಒಂದೇ ಮಾತು. "ಯಾಕಪ್ಪಾ ಕಾಲು ತೆಗೆದ್ರಿ?" ಅವರು ಕಾಗದವನ್ನು ಮಡಚುತ್ತ ಕೂತರು. ಆ ವಾರವೇ ಅವಳು ಅಂಗಡಿಯ ಹತ್ತಿರ ಒಂದು ರೂಮು ಹಿಡಿದು ಹೊರಟುಹೋದಳು. ಅಪ್ಪನ ಫೋನು ಎತ್ತುವುದನ್ನು ನಿಲ್ಲಿಸಿದಳು.

ಹೀಗೆ ನಾಲ್ಕು ತಿಂಗಳು. ನಾನು ಎರಡು ದಿನಕ್ಕೊಮ್ಮೆ ಬ್ರೆಡ್ಡು, ಹಣ್ಣು ಹಿಡಿದು ಭಾವನ ಮನೆಗೆ ಹೋಗುತ್ತಿದ್ದೆ. ಹಿಂದಿನ ಸಲ ತಂದದ್ದು ಮುಟ್ಟದೆ ಹಾಗೇ ಇರುತ್ತಿತ್ತು. ಅವರ ಕುತ್ತಿಗೆ ಅಂಗಿಯ ಕಾಲರಿನೊಳಗೆ ಗಂಟೆಯ ನಾಲಿಗೆಯ ಹಾಗೆ ಅಲ್ಲಾಡತೊಡಗಿತ್ತು. ಉಳಿ, ಕೀಸುಳಿಗಳ ಮೇಲೆ ಧೂಳು ಕೂತಿತ್ತು. ನಾನು ನಗಿಸಲು ನೋಡುತ್ತಿದ್ದೆ. ಹದಿನೇಳು ಕಾರನ್ನು ಇಪ್ಪತ್ತಮೂರು ಮಾಡಿದೆ. ಅವರು "ಹೂಂ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹೋದಾಗ ಅವರು ಏನೋ ಮಾಡಿದ್ದರು. ಖುಷಿಯಾಯಿತು, ಕೈ ಮತ್ತೆ ಕೆಲಸಕ್ಕೆ ಬಂತಲ್ಲ ಎಂದು. ಹತ್ತಿರ ಹೋಗಿ ನೋಡಿದರೆ ಅದು ಒಂದು ಪೆಡಲ್. ಹಲಗೆಗೆ ಕೀಲು ಜಡಿದು, ಕೆಳಗೆ ಸ್ಪ್ರಿಂಗ್ ಕೊಟ್ಟು, ಪಕ್ಕದಲ್ಲಿ ಪಟ್ಟಿ ನಿಲ್ಲಿಸಿ ಅದರ ಮೇಲೆ ಪೆನ್ಸಿಲಿನಲ್ಲಿ ನೂರು ಗೆರೆ ಎಳೆದಿದ್ದರು. ಮೂವತ್ತಮೂರರ ಗೆರೆ ಮಾತ್ರ ಉದ್ದ. ಅವರು ಬಲಗಾಲಿನ ಚಪ್ಪಲಿ ಬಿಚ್ಚಿ, ಪೆಡಲನ್ನು ಆ ಗೆರೆಯವರೆಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಕೂತರು. ಒಂದು ನಿಮಿಷ, ಎರಡು ನಿಮಿಷ. ಹೊರಗೆ ಯಾರೋ ಬಕೆಟ್ ಎಳೆದರು. ಬಸ್ಸು ಹಾರ್ನ್ ಮಾಡಿತು. ಐದನೆಯ ನಿಮಿಷಕ್ಕೆ ಕಣ್ಣು ತೆರೆದು ಬಗ್ಗಿ ಗೆರೆ ನೋಡಿದರು. ಗೋಡೆಯ ಮೇಲೆ ಒಂದು ಗೀಟು ಹಾಕಿದರು. ಗೋಡೆಯ ತುಂಬ ಗೀಟುಗಳಿದ್ದವು.

"ಏನಿದು ಭಾವ?"

"ನಾನೂರ ಹನ್ನೆರಡು. ಒಂದು ಸಲವೂ ಕದಲಿಲ್ಲ. ನಿನ್ನೆ ನಿದ್ದೆ ಬರೋ ಹಾಗೆ ಕೂತೂ ನೋಡಿದೆ. ತೂಕಡಿಸಿದ್ರೂ ಕಾಲು ಇನ್ನೂ ಒತ್ತುತ್ತೆ, ಮೇಲೆ ಬರೋದಿಲ್ಲ." ಅವರು ನನ್ನನ್ನು ನೋಡಿದರು. "ಕಾಲು ಭಾರ ಕಣಯ್ಯ. ಮಂಪರು ಬಂದ್ರೆ ಕೆಳಗೆ ಹೋಗಬೇಕು, ಮೇಲೆ ಯಾಕೆ ಬರುತ್ತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ಹೆಗಲಿನ ಮೇಲೆ ಹೋಗಿ ಇಲ್ಲದ ಹುಡಿಯನ್ನು ಒರೆಸಿತು.

"ಕಾಲು ಕದಲಿಲ್ಲ ಅಂದ್ರೆ ಅಳತೆಪಟ್ಟಿ ಕದಲಿರಬೇಕು," ಎಂದರು ಭಾವ. "ಕಾರು ನಿನ್ನ ಅಂಗಳದಲ್ಲೇ ಇದ್ಯಲ್ಲ. ನಡಿ."

"ಆ ಡಬ್ಬಿ ಡಿಕ್ಕಿಯ ಹೊಡೆತಕ್ಕೆ ಪುಡಿಯಾಗಿರುತ್ತೆ ಭಾವ."

"ಪುಡಿಯಾಗಿದ್ರೆ ಪುಡಿಯನ್ನೇ ನೋಡೋಣ."

ನಾಲ್ಕು ತಿಂಗಳಿನಿಂದ ಹಾಳಾದ ಆ ಕಾರು ನನ್ನ ಅಂಗಳದ ಮೂಲೆಯಲ್ಲೇ ಇತ್ತು. ನಾನು ಅದರ ಮೇಲೆ ಟಾರ್ಪಾಲ್ ಹೊದಿಸಿದ್ದೆ. ಅದನ್ನು ಒಂದು ಸಲವೂ ಎತ್ತಿರಲಿಲ್ಲ. ಸೆನ್ಸರನ್ನು ಬಿಚ್ಚಿ ಎಸೆಯಲು ನನಗೆ ಒಂದು ನಿಮಿಷ ಸಾಕಾಗಿತ್ತು. ಎಷ್ಟೋ ಸಲ ಸ್ಕ್ರೂಡ್ರೈವರ್ ಹಿಡಿದು ಅರ್ಧ ಅಂಗಳದವರೆಗೆ ಹೋಗಿ ವಾಪಸ್ ಬಂದಿದ್ದೆ.

ಭಾವ ಸ್ವಂತ ಸ್ಕ್ರೂಡ್ರೈವರ್ ತಂದಿದ್ದರು. ಮುರಿದ ಹೆಗಲು ಇನ್ನೂ ಪೂರ್ತಿ ಕೂಡಿರಲಿಲ್ಲ, ಆದರೂ ನನಗೆ ಮುಟ್ಟಗೊಡಲಿಲ್ಲ. ಎಂಜಿನ್ನಿಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ. ಎರಡು ಸ್ಕ್ರೂ ಬಿಚ್ಚಿ ಕಪ್ಪು ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡರು. ಬೆಳಕಿಗೆ ತಿರುಗಿಸಿ ನೋಡಿದರು.

"ಇದರ ಮುಚ್ಚಳ ಕತ್ತರಿಸಿ ಅಂಟಿಸಿದ್ದಾರೆ. ಬ್ಲೇಡಿನ ಗುರುತು ಇದೆ. ಅಂಟು ಒಂದು ಕಡೆ ಜಾಸ್ತಿಯಾಗಿದೆ. ಅವಸರದ ಕೆಲಸ."

"ತೊಳೆಯೋಕೆ ಅಂತ ಬಿಚ್ಚಿದ್ದೆ..."

ಅವರು ಉಗುರಿನಿಂದ ಮುಚ್ಚಳ ಎಬ್ಬಿಸಿದರು. ಒಳಗೆ ಕಪ್ಪು ಪಟ್ಟಿ. ಮೂರನೇ ಒಂದು ಪಾಲು ಇರುವ ಜಾಗದಲ್ಲಿ, ಅಲ್ಲಿಂದ ಮುಚ್ಚಿದ ತುದಿಯವರೆಗೂ ಎಳೆದುಕೊಂಡು ಹೋದ ಹಾಗೆ, ಬೂದು ಬಣ್ಣದ ಹೊಳಪು. ಭಾವ ಅದರ ಮೇಲೆ ಬೆರಳು ಒತ್ತಿ, ಆ ಬೆರಳನ್ನು ತಮ್ಮ ಬಿಳಿ ಅಂಗಿಯ ತೋಳಿಗೆ ಉಜ್ಜಿದರು. ಬೂದು ಗೆರೆ ಮೂಡಿತು.

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರು. ಎರಡೂ ಒಂದೇ.

"ಆವತ್ತು ಇದು ಮೊಂಡಾಗಿ ವಾಪಸ್ ಬಂತು," ಎಂದರು. ಧ್ವನಿ ಏರಲಿಲ್ಲ. "ಒಂದು ನಂಬರ್ ಬರೆಯೋಕೆ ಇಷ್ಟು ಸವೆಯುತ್ತಾ ಅಂದ್ಕೊಂಡೆ. ನಿನ್ನ ಅಕ್ಷರ ದಪ್ಪ, ಇರಬಹುದು ಅಂತ ಸುಮ್ಮನಾದೆ. ನಲವತ್ತು ವರ್ಷ ಪೆನ್ಸಿಲ್ ಗೆರೆ ನೋಡಿದೋನು ನಾನು. ಏನು ಮಾಡ್ದೆ ಹೇಳು."

ಹೇಳಿದೆ. ಸವೆದ ಜಾಗಕ್ಕೆ ಪೆನ್ಸಿಲ್ ಉಜ್ಜಿದೆ. ಪೆನ್ಸಿಲಿನ ಕಪ್ಪೂ ಕರೆಂಟನ್ನು ಹರಿಸುತ್ತದೆ. ಹಳೆಯ ರೇಡಿಯೋಗಳ ವಾಲ್ಯೂಮ್ ತಿರುಪಿಗೆ ಹಾಗೆ ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ರೇಡಿಯೋ ಕೆಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೆ.

"ದೀಪ ಯಾಕೆ ಹತ್ತಲಿಲ್ಲ?"

ಅದೇ ಪ್ರಶ್ನೆಯನ್ನು ನಾನು ಅವರ ಬಾಯಿ ಮುಚ್ಚಿಸಲು ಕೇಳಿದ್ದೆ.

"ಪಟ್ಟಿ ಸುಮ್ಮನೆ ಸವೆದಿದ್ರೆ ಮಧ್ಯದ ವೈರಿನಲ್ಲಿ ಏನೂ ಬರೋದಿಲ್ಲ ಭಾವ. ಏನೂ ಬರದಿದ್ರೆ ಕಂಪ್ಯೂಟರಿಗೆ ಗೊತ್ತಾಗುತ್ತೆ, ಸೆನ್ಸರ್ ಸತ್ತಿದೆ ಅಂತ. ದೀಪ ಹಚ್ಚುತ್ತೆ, ಸೆನ್ಸರನ್ನ ನಂಬೋದು ಬಿಟ್ಟು ತನ್ನ ಅಂದಾಜಿನ ಮೇಲೆ ಓಡಿಸುತ್ತೆ. ಮುಗ್ಗರಿಸುತ್ತೆ, ಆದರೆ ಓಡುತ್ತೆ. ನನ್ನ ಪೆನ್ಸಿಲ್ ಪುಡಿಯನ್ನ ಬೆರಳು ಎಳ್ಕೊಂಡು ಹೋಗಿ ಮುಚ್ಚಿದ ತುದಿಗೆ ಸೇರಿಸ್ತು. ಆಗ ಅರ್ಧ ವೋಲ್ಟ್ ಬಂತು. ಅದು ಸತ್ತಿರೋರ ಮಾತಲ್ಲ. ಬಾಗಿಲು ಮುಚ್ಚಿದೆ ಅನ್ನೋ ಸರಿಯಾದ ಮಾತು. ಕಂಪ್ಯೂಟರ್ ನಂಬ್ತು. ಪೆಟ್ರೋಲ್ ನಿಲ್ಲಿಸ್ತು. ಪೆಟ್ಟಿಗೆಯೂ ಅದನ್ನೇ ಬರ್ಕೊಳ್ತು."

"ಅಂದ್ರೆ ಬಿಕ್ಕಳಿಸ್ತಾ ಇದ್ದಾಗಲೇ ವಾಸಿ ಇತ್ತು."

"ಹೂಂ."

"ನನ್ನ ಕಾಲು?"

"ಒತ್ತಿತ್ತು ಭಾವ. ನೀವು ಹೇಳಿದ ಹಾಗೇ."

ಅವರು ಕಾರಿನ ಅಂಚಿನ ಮೇಲೆ ಕೂತರು. ತಮ್ಮ ಬಲಗಾಲನ್ನು ನೋಡಿಕೊಂಡರು. ಹಗುರಾಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ನಾಲ್ಕು ತಿಂಗಳು ರಾತ್ರಿ ಹಗಲು, ಹೇಳಿದರೆ ಅವರಾದರೂ ಹಗುರಾಗುತ್ತಾರೆ ಎಂದುಕೊಳ್ಳುತ್ತಲೇ ಹೇಳದೆ ಇದ್ದೆ. ಅವರ ಮುಖದಲ್ಲಿ ಅಂಥದ್ದೇನೂ ಬರಲಿಲ್ಲ. ಪೆಡಲ್ ಮಾಡಿಕೊಂಡು ಕೂರುವ ಕೆಲಸವೂ ಇನ್ನಿಲ್ಲ ಎನ್ನುವವರ ಹಾಗಿದ್ದರು.

"ಅವಳು ಆವತ್ತು ಕಾರಲ್ಲಿ ಏನಂದ್ಲು ಗೊತ್ತಾ?" ಎಂದರು. "ಹೆದ್ದಾರಿಗೆ ಬರೋ ಮುಂಚೆ. 'ನೋಡಿದ್ರಾ, ಒಂದು ಸಲವೂ ಮುಗ್ಗರಿಸ್ಲಿಲ್ಲ. ಅವನು ಬೊಗಳೆ ಬಿಟ್ಟರೂ ಕೆಲಸದಲ್ಲಿ ಗಟ್ಟಿ' ಅಂದ್ಲು."

ನಾನು ಟಾರ್ಪಾಲನ್ನು ಹಿಡಿದುಕೊಂಡೆ. ಹಿಡಿದುಕೊಳ್ಳಲು ಬೇರೇನೂ ಹತ್ತಿರವಿರಲಿಲ್ಲ.

"ನಿನ್ನ ಫೋನ್ ತೆಗಿ," ಎಂದರು. "ನನ್ನದು ಮಗಳು ಎತ್ತೋದಿಲ್ಲ. ನಿನ್ನದು ಎತ್ತುತ್ತಾಳೆ. ಹೇಳು. ಇನ್ನೂ ಏನಾದರೂ ಉಳಿಸ್ಕೊಂಡಿದ್ರೆ ಅದನ್ನೂ ಹೇಳು. ಭಾಗಿಸಬೇಕಾದ್ದು ಬೇಡ."

ಎರಡನೆಯ ರಿಂಗಿಗೆ ಎತ್ತಿದಳು. "ಹೇಳಿ ಮಾಮ. ಅಪ್ಪ ಹೇಗಿದ್ದಾರೆ?" ಎಂದಳು. ಹಿಂದೆ ಅಂಗಡಿಯಲ್ಲಿ ಯಾರೋ ಸಾಲು ಅಕ್ಷರಗಳನ್ನು ಓದುತ್ತಿದ್ದರು.

ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಸೀನಿಗೆ ಯಾವ ಕಾರೂ ಸ್ಟಾರ್ಟ್ ಆಗಿಲ್ಲ. ನನ್ನ ಎಡಗಿವಿ ಕೇಳಿಸದೆ ಒಂಬತ್ತು ವರ್ಷವಾಯಿತು, ಬಲಗಿವಿಯೂ ಅರ್ಧ ಹೋಗಿದೆ. ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿದರೆ ನನಗೆ ಒಂದು ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಳ್ಳುವುದು ವಿದ್ಯೆ ಮುಚ್ಚಿಡುವುದಕ್ಕಲ್ಲ, ಅಲ್ಲಿ ಮುಳ್ಳಿರುವ ಒಂದು ಹಳೆಯ ಮೀಟರ್ ಇದೆ. ಅದನ್ನು ನೋಡಿಯೇ ನಾನು ಎಲ್ಲ ಕಾಯಿಲೆ ಹೇಳುವುದು.

ಆವತ್ತು ಪೆನ್ಸಿಲ್ ಉಜ್ಜಿದ ಮೇಲೆ ಪಟ್ಟಿಗೆ ಐದು ವೋಲ್ಟ್ ಕೊಟ್ಟು, ಮೀಟರ್ ಹಚ್ಚಿ ಕೀಲನ್ನು ಮೂರು ಸಲ ತಿರುಗಿಸಿದೆ. ಎರಡು ಸಲ ಮುಳ್ಳು ಅರ್ಧದಿಂದ ನಾಲ್ಕೂವರೆಯವರೆಗೆ ಸರಾಗವಾಗಿ ಏರಿತು. ಮೂರನೆಯ ಸಲ, ಮೂರನೇ ಒಂದು ಪಾಲಿಗೆ ಬಂದಾಗ, ಒಂದು ಕ್ಷಣ ಕೆಳಗೆ ಬಿದ್ದು ಎದ್ದಿತು. ನಾನು ಅದನ್ನು ನೋಡಿದೆ. ಚೆನ್ನಾಗಿ ನೋಡಿದೆ. ನಾಲ್ಕನೆಯ ಸಲ ತಿರುಗಿಸಲಿಲ್ಲ. ಹೊರಗೆ ಸ್ಕ್ಯಾನರಿನವನು ನಿಂತಿದ್ದ. ಮೀಟರ್ ಆರಿಸಿ, ಮುಚ್ಚಳ ಅಂಟಿಸಿ, ಬಾಗಿಲು ತೆಗೆದು ಹೊರಗೆ ಬಂದೆ. ಅಕ್ಕ ಕೇಳಿದಳು. ನೂರಾ ಹತ್ತು ಎಂದೆ.